ಮನೆ ಚೊಕ್ಕಟವಾಗಿರಲು ಮನೆಮಂದಿಯೆಲ್ಲ ಕೈಜೋಡಿಸಲಿ

ಕೋಲ್ಕತಾ: ಬ್ಯಾಂಕು, ರೈಲ್ವೆ, ಕೋಲ್ ಇಂಡಿಯಾ, ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಎಂದು ವರ್ಗವಾಗಿ ಬಂದವರು, ಸಾಲ್ಟ್ ಲೇಕಿನ ಸೆಕ್ಟರ್ ಫೈವ್ ಮತ್ತು ನ್ಯೂ ಟೌನಿನ ಐಟಿ ಕಂಪೆನಿಗಳಿಗೆ ಬಂದವರು, ಹೀಗೆ ಈ ಮಹಾನಗರದಲ್ಲಿ ನೆಲೆಸಿರುವ ಹೊರನಾಡ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಟೈಮೇ ಸಿಗುವುದಿಲ್ಲ. ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗಿನ ಮೆಟ್ರೋ ಮಾರ್ಗ 2025ರ ಆಗಸ್ಟ್‌ನಲ್ಲಿ ಪೂರ್ಣಗೊಂಡು ಓಡಾಟದ ಹೊತ್ತೇನೋ ಉಳಿಯಿತು. ಆದರೆ ಉಳಿದ ಹೊತ್ತು ಮನೆಗೆ ಸಿಕ್ಕಿತೇ ಎಂದರೆ ಇಲ್ಲ. ಊರಿನಲ್ಲಾದರೆ ಅಮ್ಮ, ಅತ್ತೆ, ಅಕ್ಕಪಕ್ಕದವರ ಆಸರೆ ಇರುತ್ತದೆ. ಇಲ್ಲಿ ಎರಡು ಕೋಣೆಯ ಫ್ಲ್ಯಾಟು, ದುಡಿಯುವ ದಂಪತಿ, ಶಾಲೆಗೆ ಹೋಗುವ ಮಕ್ಕಳು. ಹೀಗಿರುವಾಗ ಗಂಗಾಸಾಗರ, ದಕ್ಷಿಣೇಶ್ವರ ನೋಡಲು ಬರುತ್ತೇವೆಂದು ನೆಂಟರ ಫೋನು ಬಂದರೆ ಸಂತೋಷಕ್ಕಿಂತ ಮೊದಲು ಮನೆಯ ಅವಸ್ಥೆ ಕಣ್ಣಮುಂದೆ ಬರುತ್ತದೆ.

ಸಮಯ ಕಡಿಮೆ ಇದ್ದಾಗ ಎಲ್ಲವನ್ನೂ ಮಾಡಲು ಹೊರಟರೆ ಯಾವುದೂ ಆಗದು. ಯಾವ ಕೆಲಸ ಮುಂದೂಡಿದರೆ ನಷ್ಟ, ಯಾವುದು ಕಾಯಬಲ್ಲದು ಎಂದು ಮೊದಲು ವಿಂಗಡಿಸಿಕೊಳ್ಳಬೇಕು. ಕೋಲ್ಕತಾದಲ್ಲಿ ಮುಂದೂಡಬಾರದ ಕೆಲಸಗಳನ್ನು ಇಲ್ಲಿನ ಹವೆಯೇ ತಿಳಿಸುತ್ತದೆ.

ತೇವದ ಕಾಟ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ ಇಲ್ಲಿ 1,600 ಮಿ.ಮೀ.ಗೂ ಹೆಚ್ಚು. ಕರಾವಳಿ, ಮಲೆನಾಡಿನವರಿಗೆ ಇದು ಹೊಸದಲ್ಲ. ಬಯಲುಸೀಮೆಯಿಂದ ಬಂದವರಿಗೆ ಮೊದಲ ಮಳೆಗಾಲದಲ್ಲೇ ಬೂಷ್ಟಿನ ಪರಿಚಯವಾಗುತ್ತದೆ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟಿಡಿ. ಮೈಸೂರು ರೇಷ್ಮೆ, ಇಳಕಲ್ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಬಿಸಿಲು ಕಂಡ ದಿನ ಕಪಾಟಿನ ಬಾಗಿಲು ತೆರೆದು ಒಂದು ಗಂಟೆ ಫ್ಯಾನು ಹಾಕಿದರೆ ಸಾಕು, ಅದಕ್ಕೆ ನಿಮ್ಮ ಸಮಯವೇನೂ ಬೇಡ. ಊರಿನಿಂದ ತಂದ ಕನ್ನಡ ಪುಸ್ತಕಗಳಿಗೂ ಇದೇ ಉಪಚಾರ. ಓದಿ ಮುಗಿದವನ್ನು ಇತರರಿಗೆ ಕೊಡುವುದು ಇನ್ನೂ ಒಳ್ಳೆಯದು.

ವಾರಕ್ಕೊಮ್ಮೆ ನೀರು

ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ 1898ರಲ್ಲಿ ಹಕ್ಕಿಗಳ ಮೇಲಿನ ಪ್ರಯೋಗದಿಂದ ಸಾಬೀತುಪಡಿಸಿದ್ದು ಇದೇ ನಗರದಲ್ಲಿ. ಇಂದು ಮಳೆಗಾಲ ಬಂತೆಂದರೆ ಇಲ್ಲಿ ಡೆಂಗೆಯದ್ದೇ ಭಯ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮನೆಯೊಳಗಿನ ನಿಂತ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಹೂಕುಂಡದ ತಟ್ಟೆ, ಬಕೆಟ್ಟು, ಕೂಲರ್, ಫ್ರಿಜ್ಜಿನ ಹಿಂದಿನ ತಟ್ಟೆಯ ನೀರನ್ನು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಪಾತ್ರೆಯ ಬದಿಗೆ ಅಂಟಿಕೊಂಡಿರುವುದರಿಂದ ತಿಕ್ಕಿ ತೊಳೆಯಬೇಕು. ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ. ನೆಂಟರು ಬರಲಿ ಬಿಡಲಿ, ಇದು ಮಾತ್ರ ತಪ್ಪಬಾರದು.

ಬೋರ್ ನೀರು ಬರುವ ಕಡೆ ಬಚ್ಚಲಿನಲ್ಲಿ ಕಬ್ಬಿಣದ ಕೆಂಪು ಕಲೆ ಮತ್ತೊಂದು ತಲೆನೋವು. ಇದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ನಿಂಬೆಹುಳಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕುವುದು ಮೇಲು. ಬ್ಲೀಚಿಂಗ್ ಪೌಡರನ್ನು ಆಸಿಡ್ ಜೊತೆ ಎಂದಿಗೂ ಸೇರಿಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ.

ತೆರೆಯದ ಪೆಟ್ಟಿಗೆಗಳು

ವರ್ಗಾವಣೆಯ ಸಂಸಾರಗಳಲ್ಲಿ ಮಂಚದ ಕೆಳಗೆ, ಬಾಲ್ಕನಿಯಲ್ಲಿ ಪ್ಯಾಕರ್ಸ್‌ನವರು ಕಟ್ಟಿದ ಪೆಟ್ಟಿಗೆಗಳು ಹಾಗೆಯೇ ಉಳಿಯುವುದುಂಟು. 'ಮತ್ತೆ ವರ್ಗವಾದರೆ ಕಟ್ಟುವ ಕೆಲಸ ತಪ್ಪಿತು' ಎಂಬ ಸಮಾಧಾನ ಬೇರೆ. ಒಂದು ವರ್ಷ ತೆರೆಯದ ಪೆಟ್ಟಿಗೆಯಲ್ಲಿ ಕಾಗದಪತ್ರ, ಬಂಗಾರ, ನೆನಪಿನ ವಸ್ತುಗಳನ್ನು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಬೇಡದ್ದೇ. ಜಾಗ ಕಡಿಮೆಯಾದಷ್ಟೂ ಗುಡಿಸುವ, ಒರೆಸುವ ಸಮಯ ಹೆಚ್ಚು. ಸಾಮಾನು ಕಡಿಮೆ ಮಾಡುವುದೇ ಸಮಯ ಉಳಿಸುವ ನಿಜವಾದ ದಾರಿ.

ಇದಕ್ಕೆ ಮಹಾಲಯದ ಮುನ್ನಿನ ವಾರಗಳು ಪ್ರಶಸ್ತ. ಬಂಗಾಳಿಗಳ ಮನೆಗಳಲ್ಲಿ ದುರ್ಗಾಪೂಜೆಗೆ ಮುಂಚೆ ಜೇಡರಬಲೆ ತೆಗೆದು ಮನೆ ತೊಳೆಯುವ ವಾಡಿಕೆ ಇದೆ. ನಮ್ಮಲ್ಲೂ ಪಾಡ್ಯಕ್ಕೆ ಗೊಂಬೆ ಕೂರಿಸಬೇಕೆಂದರೆ ಅಮಾವಾಸ್ಯೆಯೊಳಗೆ ಪೆಟ್ಟಿಗೆ ತೆರೆಯಲೇಬೇಕು, ಆಯುಧಪೂಜೆಗೆ ಸಾಮಾನು ತೊಳೆದಿಡಲೇಬೇಕು. ಊರೆಲ್ಲ ಗುಡಿಸುವಾಗ ನಾವೂ ಗುಡಿಸಿದರೆ ವರ್ಷದ ದೊಡ್ಡ ಕೆಲಸ ಒಮ್ಮೆಗೆ ಮುಗಿದಂತೆ. ಫ್ಯಾನು, ಕಪಾಟಿನ ಮೇಲ್ಭಾಗ ಮೊದಲು, ನೆಲ ಕೊನೆಗೆ. ಚಳಿಗಾಲದ ಧೂಳಿಗೆ ಒಣ ಪೊರಕೆಗಿಂತ ಒದ್ದೆ ಬಟ್ಟೆಯೇ ವಾಸಿ.

ಕೆಲಸ ಯಾರದು?

ಇಷ್ಟೆಲ್ಲ ಹೇಳಿ, ಇದನ್ನು ಓದಬೇಕಾದವರು ಮಹಿಳೆಯರೇ ಎಂದುಕೊಂಡರೆ ಪ್ರಯೋಜನವಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಮಹಿಳೆಯರು ನೂರಕ್ಕೆ 81, ಪುರುಷರು 26 ಮಾತ್ರ. ತೊಡಗಿದವರಲ್ಲೂ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಪುರುಷ 97 ನಿಮಿಷ. ಅಂದರೆ ಮನೆಯಲ್ಲಿ ಸಮಯದ ಕೊರತೆ ಎಲ್ಲರಿಗೂ ಸಮನಾಗಿಲ್ಲ. ನೀರು ಚೆಲ್ಲುವ ಹದಿನೈದು ನಿಮಿಷ ಮನೆಯ ಯಜಮಾನರದ್ದು, ತಮ್ಮ ಪುಸ್ತಕ, ಬಟ್ಟೆ ಮಡಚಿಡುವ ಹತ್ತು ನಿಮಿಷ ಮಕ್ಕಳದ್ದು ಎಂದು ಹಂಚಿಕೊಂಡರೆ ಭಾನುವಾರವಿಡೀ ಒಬ್ಬರೇ ಬೆವರು ಸುರಿಸುವುದು ತಪ್ಪುತ್ತದೆ.

'ಮಾಶಿ' ಎಂದು ನಾವೂ ಕರೆಯುವ ಕೆಲಸದಾಕೆಯನ್ನೂ ಈ ಲೆಕ್ಕದಲ್ಲಿ ಮರೆಯುವಂತಿಲ್ಲ. ಮಾಶಿ ಎಂದರೆ ತಾಯಿಯ ಅಕ್ಕತಂಗಿ. ದಕ್ಷಿಣ 24 ಪರಗಣದ ಕ್ಯಾನಿಂಗ್ ಕಡೆಯಿಂದ ಬೆಳಗಿನ ಜಾವದ ಲೋಕಲ್ ಹಿಡಿದು ಬರುವ ಎಷ್ಟೋ ಮಹಿಳೆಯರು ಒಂದೇ ದಿನ ಹಲವು ಮನೆ ಮುಗಿಸಿ ಮರಳುತ್ತಾರೆ. ಆಕೆಗೂ ಸಮಯ ಕಡಿಮೆಯೇ. ಹಿಂದಿನ ರಾತ್ರಿ ನೆಲದ ಮೇಲಿನ ಸಾಮಾನು ಎತ್ತಿಟ್ಟು, ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟರೆ ಆಕೆಯ ಕೆಲಸವೂ ಹಗುರ. ವಾರಕ್ಕೊಂದು ರಜೆ ಆಕೆಯ ಹಕ್ಕು ಎಂಬುದೂ ನೆನಪಿರಲಿ.

ನಮ್ಮ ಸಂಘದ ಸದಸ್ಯ ಬಾಂಧವರು ಈ ದಿಸೆಯಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ವರ್ಗವಾಗಿ ಹೋಗುವ ಸಂಸಾರದ ಕುರ್ಚಿ, ಪಾತ್ರೆ, ಮಕ್ಕಳ ಸೈಕಲ್ಲು, ಪುಸ್ತಕಗಳು ಹೊಸದಾಗಿ ಬರುವ ಸಂಸಾರಕ್ಕೆ ದೊರೆಯುವಂತೆ ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಸಮಯದಲ್ಲಿ ಏರ್ಪಾಡು ಮಾಡಿದರೆ ಒಬ್ಬರ ಮನೆ ಹಗುರಾಗುತ್ತದೆ, ಇನ್ನೊಬ್ಬರ ಮನೆ ತುಂಬುತ್ತದೆ. ಗೃಹಾಲಂಕಾರದ ಕಾರ್ಯಕ್ರಮವನ್ನು ಮಹಿಳಾ ವಿಭಾಗಕ್ಕಷ್ಟೇ ಬಿಡದೆ ಪುರುಷರನ್ನೂ ಕೂರಿಸಿದರೆ ಮತ್ತೂ ಒಳಿತು. ಮನೆ ಕನ್ನಡಿಯಂತೆ ಹೊಳೆಯಬೇಕೆಂದೇನಿಲ್ಲ. ಸೊಳ್ಳೆ ಹುಟ್ಟದೆ, ಸೀರೆ ಬೂಷ್ಟು ಹಿಡಿಯದೆ, ಬಂದವರಿಗೆ ಕೂರಲು ಜಾಗವಿದ್ದು, ಮನೆಯೊಡತಿಗೂ ಒಂದು ಗಳಿಗೆ ಅವರ ಜೊತೆ ಕೂರುವ ಬಿಡುವಿದ್ದರೆ ಅದೇ ಚೊಕ್ಕಟ ಮನೆ.