ಜಿಎಸ್‌ಎಂ ಬೋರ್ಡ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಬಿಸಾಡುವ ಮುನ್ನ ಇದನ್ನು ಓದಿ

ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ಮಿಸ್ಡ್ ಕಾಲ್ ಕೊಟ್ಟು ಆನ್ ಮಾಡುವ ವಿಡಿಯೋಗಳನ್ನು ನಾವೆಲ್ಲ ನೋಡಿದ್ದೇವೆ. ಅಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಸಿಮ್800ಎಲ್ ಎಂಬ ಪುಟ್ಟ ಬೋರ್ಡ್. ‘ಸಿಮ್ ಹಾಕಿ, ಆರ್ಡುಯಿನೋಗೆ ಜೋಡಿಸಿ, ಅಷ್ಟೇ’ ಎನ್ನುತ್ತವೆ ವಿಡಿಯೋಗಳು. ಹಾಗೇ ಮಾಡಿದರೆ ಎಲ್‌ಇಡಿ ನಾಲ್ಕೈದು ಸಲ ಮಿನುಗಿ, ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ‘ಡೂಪ್ಲಿಕೇಟ್ ಮಾಲು’ ಎಂದು ಬೋರ್ಡ್ ಕಸದ ಬುಟ್ಟಿ ಸೇರುತ್ತದೆ.

ಬಹಳಷ್ಟು ಸಲ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬೇಕಾದಷ್ಟು ಕರೆಂಟ್ ಸಿಕ್ಕಿರುವುದಿಲ್ಲ, ಅಷ್ಟೇ.

ಏಕೆ ಹೀಗಾಗುತ್ತದೆ?

ಮೊದಲೆಲ್ಲ ಕರೆ ಬರುವ ಮುಂಚೆ ರೇಡಿಯೋ ಅಥವಾ ಸ್ಪೀಕರ್ ‘ಟರ್ರ್ ಟರ್ರ್’ ಎನ್ನುತ್ತಿದ್ದುದು ನೆನಪಿದೆಯೇ? 2ಜಿ ಫೋನು ಒಂದೇ ಸಮನೆ ಸಿಗ್ನಲ್ ಕಳಿಸುವುದಿಲ್ಲ. ಸುಮಾರು 4.6 ಮಿಲಿಸೆಕೆಂಡಿಗೊಮ್ಮೆ, ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ ಜೋರಾಗಿ ಕಳಿಸುತ್ತದೆ. ನಮಗೆ ಕೇಳಿಸುತ್ತಿದ್ದುದು ಆ ಹೊಡೆತಗಳೇ.

ಅಂಥ ಪ್ರತಿ ಹೊಡೆತದಲ್ಲೂ ಸಿಮ್800ಎಲ್ 2 ಆಂಪಿಯರ್‌ವರೆಗೆ ಕರೆಂಟ್ ಎಳೆಯಬಲ್ಲದು. ಟವರ್ ದೂರವಿದ್ದಷ್ಟೂ ಎಳೆತ ಹೆಚ್ಚು. ಆದರೆ ಆರ್ಡುಯಿನೋ ಊನೋದ 3.3 ವೋಲ್ಟ್ ಪಿನ್ ಕೊಡುವುದು 50 ಮಿಲಿಆಂಪಿಯರ್ ಮಾತ್ರ. 5 ವೋಲ್ಟ್ ಪಿನ್ ಕೂಡ ಬೇಡ. ಈ ಮಾಡ್ಯೂಲಿಗೆ ಬೇಕಿರುವುದು 3.4ರಿಂದ 4.4 ವೋಲ್ಟ್; ನೇರವಾಗಿ 5 ಕೊಟ್ಟರೆ ಹಾಳಾಗಬಹುದು.

ತೆಳ್ಳನೆಯ ಜಂಪರ್ ವೈರುಗಳೂ ಕೈಕೊಡುತ್ತವೆ. ವೈರು ಮತ್ತು ಸಡಿಲ ಜೋಡಣೆಗಳಲ್ಲಿ ಒಟ್ಟು 0.3 ಓಮ್ ರೋಧ ಇದೆ ಎನ್ನೋಣ. 2 ಆಂಪಿಯರ್ ಹರಿದಾಗ ಅಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. 4 ವೋಲ್ಟ್ ಕೊಟ್ಟರೂ ಬೋರ್ಡಿಗೆ ತಲುಪುವುದು 3.4. ಇನ್ನೊಂಚೂರು ಇಳಿದರೆ ಆಫ್! ಈ ಕುಸಿತ ಕ್ಷಣಮಾತ್ರದ್ದು, ಸಾಮಾನ್ಯ ಮಲ್ಟಿಮೀಟರ್ ಇದನ್ನು ತೋರಿಸುವುದಿಲ್ಲ. ‘ವೋಲ್ಟೇಜ್ ಸರಿಯಾಗಿದೆ, ಬೋರ್ಡೇ ಕೆಟ್ಟಿದೆ’ ಎಂದು ನಾವು ತಪ್ಪು ತಿಳಿಯುವುದು ಇದಕ್ಕೇ.

ಮೊದಲ ಸಲ ಜೋಡಿಸುವ ಕ್ರಮ

1. ಪವರ್ ಕೊಡುವ ಮುನ್ನವೇ ಆಂಟೆನಾ ಮತ್ತು ಸಿಮ್ ಹಾಕಿ. ಇದು 2ಜಿ ಬೋರ್ಡ್. ಜಿಯೋದ್ದು 2ಜಿ ಜಾಲವೇ ಇಲ್ಲದ ಕಾರಣ ಆ ಸಿಮ್ ಇದರಲ್ಲಿ ನಡೆಯದು. ಸಿಮ್‌ಗೆ ಪಿನ್ ಲಾಕ್ ಇದ್ದರೆ ಮೊದಲು ಫೋನಿನಲ್ಲಿ ಹಾಕಿ ತೆಗೆಯಿರಿ.
2. 2 ಆಂಪಿಯರ್ ಕೊಡಬಲ್ಲ ಬಕ್ ಕನ್ವರ್ಟರ್ ಬಳಸಿ. ಬೋರ್ಡ್ ಜೋಡಿಸುವ ಮೊದಲೇ ಅದರ ಔಟ್‌ಪುಟ್ಟನ್ನು 4 ವೋಲ್ಟಿಗೆ ತಿರುಗಿಸಿ, ಅಳೆದು ನೋಡಿ.
3. ಬೋರ್ಡಿನ ಪವರ್ ಪಿನ್‌ಗಳ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಮನೆ ಮೇಲಿನ ನೀರಿನ ಟ್ಯಾಂಕಿನಂತೆ ಇದು ಹಠಾತ್ ಬೇಡಿಕೆಯನ್ನು ತಾಳಿಕೊಳ್ಳುತ್ತದೆ. ಪ್ಲಸ್, ಮೈನಸ್ ಅದಲುಬದಲಾದರೆ ಕೆಪಾಸಿಟರ್ ಸಿಡಿಯಬಹುದು, ಎಚ್ಚರ.
4. ಪವರ್ ವೈರು ದಪ್ಪಗಿರಲಿ, ಗಿಡ್ಡವಿರಲಿ. ಆರ್ಡುಯಿನೋ ಮತ್ತು ಬೋರ್ಡಿನ ಗ್ರೌಂಡ್ ಎರಡನ್ನೂ ಸೇರಿಸಿ.
5. ಈಗ ಪವರ್ ಕೊಟ್ಟು ಎಲ್‌ಇಡಿ ನೋಡಿ. ಸೆಕೆಂಡಿಗೊಮ್ಮೆ ಮಿನುಗಿದರೆ ನೆಟ್‌ವರ್ಕ್ ಹುಡುಕುತ್ತಿದೆ. ಮೂರು ಸೆಕೆಂಡಿಗೊಮ್ಮೆ ಆದರೆ ನೆಟ್‌ವರ್ಕ್ ಸಿಕ್ಕಿದೆ. ಮಿನುಗುತ್ತಾ ನಿಂತು ಮತ್ತೆ ಶುರುವಾದರೆ, ಮೊದಲು ಪವರ್ ಕಡೆಯೇ ನೋಡಿ.

ಎರಡು ಎಚ್ಚರಿಕೆ

‘ಹಳೇ ಮೊಬೈಲ್ ಬ್ಯಾಟರಿ ಕಿತ್ತು ಹಾಕಿ’ ಎಂಬ ಸಲಹೆಯೂ ಹರಿದಾಡುತ್ತದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಈ ಬೋರ್ಡಿಗೆ ಹೊಂದುವುದು ನಿಜ. ಆದರೆ ಉಬ್ಬಿದ, ಏಟು ತಿಂದ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಹುದು. ಅಂಥದ್ದನ್ನು ಮುಟ್ಟಲೇಬೇಡಿ.

ಬೋರ್ಡ್ ಮೇಜಿನ ಮೇಲೆ ಕೆಲಸ ಮಾಡಿತೆಂದು ನೇರವಾಗಿ ಪಂಪ್‌ಸೆಟ್ಟಿಗೆ ಜೋಡಿಸಬೇಡಿ. ಆ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ. ಅಲ್ಲಿಂದಾಚೆಯ ಕೆಲಸ ತಿಳಿದ ಎಲೆಕ್ಟ್ರಿಷಿಯನ್ನರದು.

ಪ್ರಾಜೆಕ್ಟ್ ಮಾಡುತ್ತಿರುವ ಮಕ್ಕಳಿಗೆ, ಪಂಪ್‌ಸೆಟ್ ಇರುವವರಿಗೆ ಇದನ್ನು ಕಳಿಸಿ. ಒಂದು ಒಳ್ಳೆಯ ಬೋರ್ಡ್ ಕಸದ ಬುಟ್ಟಿಗೆ ಹೋಗುವುದು ತಪ್ಪಲಿ.