ಕಾರಿಗೂ ಮಳೆಗಾಲದ ಮಂಡಿನೋವು!

‘ಗೇರ್‌ಬಾಕ್ಸ್ ಹೋಗಿದೆ ಅಕ್ಕೋರೇ. 80 ಸಾವಿರ ಆಗ್ತದೆ. ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸಿ, ಮಾತಾಡ್ವ.’

ಗ್ಯಾರೇಜಿನವ ಇಷ್ಟು ಹೇಳಿ ಮತ್ತೊಂದು ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದ. ನಾನು ಬೆಪ್ಪಾಗಿ ನಿಂತೆ. ಭಾವಿಕೇರಿಯಿಂದ ಕಾರವಾರದ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಆಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಎಡಗಾಲು ನೋಯುವ ನನಗೆ ಕ್ಲಚ್ ಒತ್ತುವುದು ಆಗದು ಅಂತಲೇ 2012ರ ಮಾಡೆಲ್ಲಿನ, 4 ಗೇರಿನ ಆಟೋಮ್ಯಾಟಿಕ್ ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದದ್ದು. ಕೊಟ್ಟ ದುಡ್ಡಿನ ಅರ್ಧದಷ್ಟನ್ನು ಈಗ ರಿಪೇರಿಗೇ ಸುರಿಯುವುದೆ? ಕೈಬಳೆ ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ.

ದಾರಿ ತೋರಿಸಿದ್ದು ಆಯಿಯೇ. ‘ಹೌದೇ ತಂಗಿ, ಮಳೆ ಹೊಡೆದ ದಿನವೇ ಅಲ್ವನೇ ಇದು ರಗಳೆ ಮಾಡೋದು? ಇದಕ್ಕೂ ನನ್ನ ಹಾಂಗೇ ಮಂಡಿನೋವು!’ ನಕ್ಕೆವು. ಆದರೆ ಆ ಮಾತು ತಲೆಯಲ್ಲಿ ಉಳಿಯಿತು.

ಮೊದಲು ಒಂದು ನೋಟ್‌ಬುಕ್

ಡಾಕ್ಟರ ಬಳಿ ಹೋಗಿ ಬರೀ ‘ಹುಷಾರಿಲ್ಲ’ ಎಂದರೆ ಅವರಾದರೂ ಏನು ಮಾಡಿಯಾರು? ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಕೇಳುತ್ತಾರೆ. ಕಾರಿನದೂ ಅಷ್ಟೇ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ 15 ದಿನ ಬರೆದಿಟ್ಟೆ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಯಾವ ಗೇರಿನಿಂದ ಯಾವ ಗೇರಿಗೆ? ಬರೀ ಜರ್ಕೋ, ಎಂಜಿನ್ ಕಿರುಚಿಕೊಂಡರೂ ಕಾರು ಮುಂದೆ ಹೋಗದೋ? ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂತೋ? ಮಳೆ ಇತ್ತೋ?

ಬರೆದದ್ದನ್ನು ಓದಿದಾಗ ಆಯಿಯ ಮಾತೇ ನಿಜ. ಒಣ ದಿನಗಳಲ್ಲಿ ಕಾರು ಬೆಣ್ಣೆ ಹಾಗೆ ಓಡಿತ್ತು. ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಮಾತ್ರ ಧಡಕ್ಕನೆ ಜರ್ಕು. ಆಮೇಲೆ ಮೂರನೇ ಗೇರಿಗೇ ಅಂಟಿಕೊಂಡು ಏರಿನಲ್ಲಿ ಎಳೆಯದೆ ಗೋಳಾಡುವುದು. ನಿಲ್ಲಿಸಿ, ಕೀ ತೆಗೆದು, ಮತ್ತೆ ಚಾಲೂ ಮಾಡಿದರೆ ಸರಿ!

ಇದರಲ್ಲೇ ಗುಟ್ಟಿದೆ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿದ್ದರೆ ಕೀ ತಿರುಗಿಸಿದ ಮಾತ್ರಕ್ಕೆ ಗುಣವಾಗುವುದಿಲ್ಲ. ಕಂಪ್ಯೂಟರಿಗೆ ಯಾವುದೋ ಸೆನ್ಸರಿನ ಸುದ್ದಿ ತಪ್ಪಿದಾಗ ಅದು ಗೇರ್‌ಬಾಕ್ಸನ್ನು ಕಾಪಾಡಲು ಒಂದೇ ಗೇರಿನಲ್ಲಿ ಹಿಡಿದಿಡುತ್ತದೆ. ಇದಕ್ಕೆ ‘ಲಿಂಪ್ ಮೋಡ್’ ಎನ್ನುತ್ತಾರೆ, ಅಂದರೆ ಕುಂಟುತ್ತಾದರೂ ಮನೆ ಸೇರು ಎಂಬ ವ್ಯವಸ್ಥೆ.

ಆಯಿಲ್ ಬಣ್ಣ, ವಾಸನೆ

ಎರಡನೇ ಪರೀಕ್ಷೆ ಗೇರ್‌ಬಾಕ್ಸಿನ ಆಯಿಲ್. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಎಟಿಎಫ್’. ಕೆಲವು ಕಾರುಗಳಲ್ಲಿ ಇದನ್ನು ನೋಡಲು ಎಂಜಿನ್ ಆಯಿಲಿಗೆ ಇರುವಂತೆಯೇ ಬೇರೆ ಅಳತೆ ಕಡ್ಡಿ ಇರುತ್ತದೆ. ಇಲ್ಲದಿದ್ದರೆ ಗ್ಯಾರೇಜಿನಲ್ಲೇ ನೋಡಿಸಬೇಕು. ಎಂಜಿನ್ ಬಿಸಿಯಾಗಿರಬೇಕು, ಕಾರು ಸಮತಟ್ಟಾದ ಜಾಗದಲ್ಲಿರಬೇಕು. ಎಂಜಿನ್ ಚಾಲೂ ಇಟ್ಟು ನೋಡುವುದೋ, ಆಫ್ ಮಾಡಿಯೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕಾರಿನ ಜೊತೆ ಬಂದ ಪುಸ್ತಕ ನೋಡಿ.

ಸಾಂಬಾರಿನ ಹದ ನೋಡುವ ನಮಗೆ ಇದೇನು ಕಷ್ಟ? ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗೆ ಪ್ಲೇಟುಗಳು ಸುಟ್ಟಿರಬಹುದು. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ, ಕಾರನ್ನು ಓಡಿಸಲೇಬೇಡಿ. ರೇಡಿಯೇಟರಿನ ಒಳಗಿನ ಕೂಲರ್ ಒಡೆದರೂ, ನೆರೆಯಲ್ಲಿ ಕಾರು ಮುಳುಗಿದ್ದರೂ ಹೀಗಾಗುತ್ತದೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದ್ದನ್ನು ಕಂಡವರು ನಾವು. ಹಳೇ ಕಾರು ಕೊಳ್ಳುವಾಗ ಈ ಕಡ್ಡಿ ಎಳೆದು ನೋಡದೆ ಮುಂಗಡ ಕೊಡಬೇಡಿ.

ನನ್ನ ಕಾರಿನ ಆಯಿಲ್ ಕಂದಾಗಿತ್ತು, ಸೀದಿರಲಿಲ್ಲ. ಅರ್ಧ ಜೀವ ಬಂತು.

ಕಿಲುಬು ಎಂಬ ಕಳ್ಳ

ನಮ್ಮದು ಕರಾವಳಿ. ಉಪ್ಪುಗಾಳಿಗೆ ಹಿತ್ತಾಳೆ ಬಿಂದಿಗೆ ಕಿಲುಬು ಹಿಡಿಯುವಂತೆಯೇ ಕಾರಿನ ವೈರುಗಳ ಕೂಡುಜಾಗಕ್ಕೂ ಹಿಡಿಯುತ್ತದೆ. ಮಳೆಯ ತೇವ ಸೇರಿದರೆ ಸಂದೇಶ ತಪ್ಪುತ್ತದೆ. ಬ್ಯಾಟರಿಯ ಟರ್ಮಿನಲ್ಲು, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಗೂ ಇದೇ ಕಾಯಿಲೆ. ಎಂಜಿನ್ ಆಫ್ ಇರುವಾಗ ಒಳ್ಳೇ ಬ್ಯಾಟರಿ ಸುಮಾರು 12.6 ವೋಲ್ಟ್, ಚಾಲೂ ಇರುವಾಗ 14ರ ಆಸುಪಾಸು ತೋರಿಸಬೇಕು. ಬ್ಯಾಟರಿ ಸೋತರೂ ಗೇರು ತಾಳ ತಪ್ಪುವುದುಂಟು.

ಈ ಬಾರಿ ಬೇರೊಂದು ಗ್ಯಾರೇಜಿಗೆ ನೋಟ್‌ಬುಕ್ ಹಿಡಿದೇ ಹೋದೆ. ‘ಮೊದಲು ಸ್ಕ್ಯಾನರ್ ಹಾಕಿ, ಕೋಡ್ ಬರೆದುಕೊಡಿ’ ಎಂದೆ. ಬಂದದ್ದು ‘ಪಿ 0720’. ಗೇರ್‌ಬಾಕ್ಸಿನಿಂದ ಹೊರಬರುವ ವೇಗ ಅಳೆಯುವ ಸೆನ್ಸರಿನ ಸರ್ಕ್ಯೂಟು ಸರಿಯಿಲ್ಲ ಎಂದರ್ಥ. ಕೋಡ್ ಬಂತೆಂದು ಕೂಡಲೇ ಸೆನ್ಸರ್ ಬದಲಿಸಬೇಕೆಂದಿಲ್ಲ. ಮೊದಲು ವೈರು ನೋಡಬೇಕು. ಹುಡುಗ ಕನೆಕ್ಟರ್ ಬಿಚ್ಚಿ ತೋರಿಸಿದ: ಒಳಗೆಲ್ಲ ಹಸಿರು ಕಿಲುಬು!

ಹುಣಸೆಹಣ್ಣು ಹಾಕಿ ತಿಕ್ಕುವ ಮನಸ್ಸಾಯಿತು. ದಯವಿಟ್ಟು ಹಾಗೆ ಮಾಡಬೇಡಿ, ಇದಕ್ಕೆಂದೇ ಸ್ಪ್ರೇ ಇದೆ. ಪಿನ್ನು ಚೊಕ್ಕ ಮಾಡಿ, ತುಂಡಾಗುವಂತಿದ್ದ ವೈರು ಬದಲಿಸಿ, ಕಂಪನಿ ಹೇಳಿದ ಆಯಿಲನ್ನೇ ಹಾಕಿದ್ದಾಯಿತು. ಬಿಲ್ಲು 7 ಸಾವಿರ ದಾಟಲಿಲ್ಲ. ಬಳೆ ಕೈಯಲ್ಲೇ ಉಳಿಯಿತು.

ಎಲ್ಲ ಆಟೋಮ್ಯಾಟಿಕ್ ಒಂದೇ ಅಲ್ಲ

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂದ ‘ಎಎಂಟಿ’ ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಗೇರು ಬದಲಾಗುವಾಗ ತುಸು ತೂಗಿದಂತಾಗುವುದು ಅದರ ಸ್ವಭಾವ. ಜರ್ಕು ಹೆಚ್ಚಾದರೆ ಕ್ಲಚ್ ಸವೆತ ನೋಡಿಸಿ. ‘ಸಿವಿಟಿ’ಯಲ್ಲಿ ಹಲ್ಲಿನ ಗೇರುಗಳ ಬದಲು ಪುಲ್ಲಿ, ಬೆಲ್ಟು ಇರುತ್ತವೆ. ಅದಕ್ಕೆ ಅದರದ್ದೇ ಆಯಿಲ್ ಬೇಕು, ಬೇರೆ ಹಾಕಿದರೆ ಕೆಟ್ಟಿತು. ನಿಮ್ಮ ಕಾರು ಯಾವ ಬಗೆಯದು ಎಂದು ತಿಳಿದೇ ಗ್ಯಾರೇಜಿಗೆ ಹೋಗಿ.

ನೆನಪಿರಲಿ

* ಕೆಲವೊಮ್ಮೆ ತಪ್ಪು ಗೇರ್‌ಬಾಕ್ಸಿನದೇ ಅಲ್ಲ. ಎಂಜಿನ್ ಮೌಂಟ್ ಹರಿದರೂ, ಥ್ರಾಟಲ್ ಬಾಡಿ ಕೊಳೆಯಾದರೂ ಜರ್ಕು ಬರುತ್ತದೆ.

* ಕಾರು ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಿ. ಅರಬೈಲು ಘಟ್ಟ ಇಳಿಯುವಾಗ ನ್ಯೂಟ್ರಲ್ ಬೇಡ, ಕೆಳಗಿನ ಗೇರು ಇರಲಿ.

* ದಾರಿಯಲ್ಲಿ ಕೆಟ್ಟರೆ ಹಗ್ಗ ಕಟ್ಟಿ ಎಳೆಸಬೇಡಿ. ಲಾರಿಯ ಮೇಲೆ ಏರಿಸಿ ಒಯ್ಯಿರಿ.

* ಬಿಸಿಯಾದಾಗಲೆಲ್ಲ ಜಾರುವುದು, ಸೀದ ವಾಸನೆ, ರಿವರ್ಸೇ ಬೀಳದಿರುವುದು ಕಂಡರೆ ಕಾಯಿಲೆ ಒಳಗಿನದು. ತಡಮಾಡಬೇಡಿ.

* ದೊಡ್ಡ ರಿಪೇರಿ ಹೇಳಿದರೆ ಕೋಡ್ ಯಾವುದು, ಆಯಿಲ್ ಹೇಗಿದೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಇನ್ನೊಬ್ಬರಿಗೆ ತೋರಿಸಿ.

ಮೊನ್ನೆ ಜೋರು ಮಳೆ. ಕಾರವಾರದ ದಾರಿಯಲ್ಲಿ ಬಿಣಗಾ ಏರು ಹತ್ತಿ ಇಳಿದರೂ ಒಂದು ಜರ್ಕಿಲ್ಲ. ಹಿಂದಿನ ಸೀಟಿನಿಂದ ಆಯಿ ಹೇಳಿದರು: ‘ಇದರ ಮಂಡಿನೋವು ವಾಸಿಯಾಯ್ತಲ್ಲೇ. ಆ ಹುಡುಗನ ಹತ್ರ ನನ್ನದಕ್ಕೂ ಒಂದು ಸ್ಪ್ರೇ ಉಂಟಾ ಕೇಳು!’