ಕೆಮ್ಮಿಲ್ಲದವರು ಕ್ಲಿನಿಕ್‌ಗೆ ಹೋದಾಗ!

ಮುಂಬಯಿಯ ಒಂದು ಖಾಸಗಿ ಕ್ಲಿನಿಕ್. ಒಬ್ಬಾತ ಬಂದು ಕೂರುತ್ತಾನೆ. ಎರಡು-ಮೂರು ವಾರದಿಂದ ಕೆಮ್ಮು, ಜ್ವರ ಅನ್ನುತ್ತಾನೆ. ಡಾಕ್ಟರು ಏನು ಮಾಡಿರಬಹುದು? ಊಹಿಸಿ!

ತಾಳಿ, ಮೊದಲು ಒಂದು ಗುಟ್ಟು. ಆತನಿಗೆ ಕಾಯಿಲೆಯೇ ಇಲ್ಲ! ರೋಗಿಯ ಹಾಗೆ ಮಾತಾಡಲು ತರಬೇತಿ ಪಡೆದು ಬಂದವನು ಆತ!

ಡಾಕ್ಟರನ್ನು ಪರೀಕ್ಷಿಸಲು ಸಂಶೋಧಕರು ಕಳಿಸಿದ ಇಂಥವರು 24 ಜನ. 2014-15ರಲ್ಲಿ ಮುಂಬಯಿ, ಪಟ್ನಾಗಳ 1,200ಕ್ಕೂ ಹೆಚ್ಚು ಖಾಸಗಿ ಕ್ಲಿನಿಕ್‌ಗಳ ಮೆಟ್ಟಿಲು ಹತ್ತಿದರು. ಒಟ್ಟು ಭೇಟಿ ಎಷ್ಟು ಗೊತ್ತೇ? 2,652!

ಡಾಕ್ಟರು ಟಿಬಿ ಇರಬಹುದೆಂದು ಊಹಿಸಿ ಸರಿಯಾದ ದಾರಿ ಹಿಡಿದದ್ದು ಎಷ್ಟು ಸಲ? ಅರ್ಧಕ್ಕರ್ಧ ಅಂದಿರಾ? ಇಲ್ಲ! ನೂರಕ್ಕೆ ಬರೀ 35!

ಇದೇನು ಮಹಾ, ಬಡವರಿಗೆ ಸರಕಾರಿ ಆಸ್ಪತ್ರೆ ಇದೆಯಲ್ಲ ಅನ್ನುತ್ತೀರಾ? ಇಲ್ಲೇ ಇರೋದು ಬೆಚ್ಚಿಬೀಳಿಸುವ ಸಂಗತಿ. ಮಾರಾಟವಾದ ಔಷಧಗಳ ಲೆಕ್ಕ ಹಿಡಿದು ಸಂಶೋಧಕರು ಅಂದಾಜು ಕಟ್ಟಿದರು. 2014ರಲ್ಲಿ ಭಾರತದಲ್ಲಿ ಖಾಸಗಿಯಾಗಿ ಟಿಬಿ ಚಿಕಿತ್ಸೆ ಪಡೆದವರು ಸುಮಾರು 22 ಲಕ್ಷ! ಕೂಲಿ ಬಿಟ್ಟು ದೂರದ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲೋದು ಯಾರಿಗೆ ಸಾಧ್ಯ? ಬಡವರು ಹೋಗೋದು ಮನೆ ಹತ್ತಿರದ ಡಾಕ್ಟರ ಬಳಿಗೇ.

ಹಾಗಾದರೆ ಉಪಾಯ? ರೋಗಿ ಹೋದಲ್ಲಿಗೇ ಪುಕ್ಕಟೆ ಮಾತ್ರೆ ಕಳಿಸಿ!

2014ರಲ್ಲಿ ಮುಂಬಯಿ, ಪಟ್ನಾಗಳಲ್ಲೇ ಇಂಥ ಯೋಜನೆ ಶುರುವಾಯಿತು. ಕೆಲಸ ಹೇಗೆ ನಡೆಯಿತು ನೋಡಿ. ಖಾಸಗಿ ಡಾಕ್ಟರು ಟಿಬಿ ಎಂದು ಗುರುತಿಸುತ್ತಾರೆ. ಕಾಲ್ ಸೆಂಟರ್‌ಗೆ ತಿಳಿಸುತ್ತಾರೆ. ಅಲ್ಲಿಂದ ಒಂದು ನಂಬರ್ ಬರುತ್ತದೆ. ಬರೀ ನಂಬರ್! ರೋಗಿ ಆ ನಂಬರಿರುವ ಚೀಟಿ ಹಿಡಿದು ಮೆಡಿಕಲ್ ಶಾಪ್‌ಗೆ ಹೋಗುತ್ತಾನೆ. ಅಂಗಡಿಯವರು ನಂಬರ್ ತಾಳೆ ನೋಡಿ ಮಾತ್ರೆ ಕೊಡುತ್ತಾರೆ. ರೋಗಿಯ ಜೇಬಿನಿಂದ ಒಂದು ಪೈಸೆಯೂ ಇಲ್ಲ! ಅಂಗಡಿಯವರ ಹಣ ಯೋಜನೆಯಿಂದ ಬರುತ್ತದೆ. ಜೊತೆಗೇ, ಎಲ್ಲೂ ಲೆಕ್ಕಕ್ಕೆ ಸಿಗದಿದ್ದ ಆ ರೋಗಿಯ ಹೆಸರು ದಾಖಲೆಗೆ ಸೇರಿಬಿಡುತ್ತದೆ! ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಎಷ್ಟು ಸರಳ!

ಮೆಡಿಕಲ್ ಶಾಪ್‌ಗಳನ್ನು ನಂಬಬಹುದೇ? ಅದಕ್ಕೂ ಪರೀಕ್ಷೆ ನಡೆಯಿತು! ದೆಹಲಿ, ಮುಂಬಯಿ, ಪಟ್ನಾಗಳ 622 ಅಂಗಡಿಗಳಿಗೂ ಇಂಥದೇ ವೇಷದ ರೋಗಿಗಳು ಹೋದರು. ಚೀಟಿಯಿಲ್ಲದೆ ಟಿಬಿ ಮಾತ್ರೆ ಕೊಟ್ಟ ಅಂಗಡಿಗಳೆಷ್ಟು?

ಸೊನ್ನೆ! ಒಂದೂ ಇಲ್ಲ! ಬೇರೆ ಆ್ಯಂಟಿಬಯೋಟಿಕ್‌ಗಳನ್ನು ಧಾರಾಳವಾಗಿ ಕೊಟ್ಟವರಿದ್ದರು, ಅದು ಚಿಂತೆಯ ವಿಷಯವೇ. ಆದರೆ ಟಿಬಿ ಮಾತ್ರೆ ಮಾತ್ರ ಯಾರೂ ಕೊಡಲಿಲ್ಲ!

ಇನ್ನೊಂದು ಸುದ್ದಿ ಹೇಳಲೇಬೇಕು. ಖಾಸಗಿ ಡಾಕ್ಟರ ಬಳಿ ಚಿಕಿತ್ಸೆ ಪಡೆಯುವ ಟಿಬಿ ರೋಗಿಗೂ ಪೌಷ್ಟಿಕ ಆಹಾರಕ್ಕೆಂದು ಸರಕಾರದ ಹಣವಿದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ? ದುಪ್ಪಟ್ಟು, 1,000! ಆದರೆ ಡಾಕ್ಟರು ರೋಗಿಯ ಹೆಸರನ್ನು ಸರಕಾರದ ಟಿಬಿ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ದಾಖಲಿಸಿರಬೇಕು. ನಿಮ್ಮ ಬೀದಿಯಲ್ಲಿ ಯಾರಾದರೂ ಟಿಬಿ ಮಾತ್ರೆ ನುಂಗುತ್ತಿದ್ದಾರಾ? ಹೆಸರು ಬರೆಸಿದ್ದೀರಾ ಅಂತ ಇವತ್ತೇ ಕೇಳಿ!